ಆಫೀಸಿನ ಎಲ್ಲ ಕಂಪ್ಯೂಟರಿಗೂ ಫೈಲ್ ತಾನಾಗಿಯೇ ತಲುಪಬೇಕಾ? ಹೀಗೆ ಮಾಡಿ

ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ಲೆಟರ್‌ಹೆಡ್ ಬದಲಾಗಿದೆ, ಅರವತ್ತು ಕಂಪ್ಯೂಟರಿಗೆ ಹಾಕಬೇಕು." "ಬಿಲ್ಲಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್ ಫೈಲ್ ತಿಂಗಳಿಗೊಮ್ಮೆ ಬದಲಾಗುತ್ತೆ, ಪ್ರತಿ ಸಲ ಪೆನ್‌ಡ್ರೈವ್ ಹಿಡಿದು ಟೇಬಲ್ ಟೇಬಲ್ ಸುತ್ತಬೇಕಾ?" "ಮೇಲ್ ಮಾಡಿದರೆ ಅರ್ಧ ಜನ ಹಾಕಿಕೊಳ್ಳುತ್ತಾರೆ, ಉಳಿದವರು ಹಳೆಯದರಲ್ಲೇ ಕೆಲಸ ಮಾಡುತ್ತಾರೆ. ಏನು ಮಾಡಲಿ?"

ಸುತ್ತಬೇಕಿಲ್ಲ, ಮೇಲ್ ಕೂಡ ಬೇಡ. ಇದಕ್ಕೆ ಬೇಕಾದ ಸಲಕರಣೆಗಳು ವಿಂಡೋಸಿನಲ್ಲೇ ಇವೆ. ಹೊಸ ಸಾಫ್ಟ್‌ವೇರ್ ಕೊಳ್ಳುವ ಮೊದಲು ಇವನ್ನು ನೋಡಿ. ನಿಮ್ಮ ಆಫೀಸಿನಲ್ಲಿ ಪೂರ್ತಿ ಸಮಯದ ಐಟಿ ವಿಭಾಗ ಇಲ್ಲ, "ಕಂಪ್ಯೂಟರ್ ಗೊತ್ತಲ್ಲ, ನೀನೇ ನೋಡ್ಕೋ" ಎಂದು ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಒಂದು ಮಾತು. ಕಮಾಂಡ್‌ಗಳನ್ನು, ಮೆನು ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಕಾಪಿ ಮಾಡುವುದು ನಿಜಕ್ಕೂ ಬೇಕಾ?

ಎಲ್ಲರೂ ಒಂದು ಫೈಲನ್ನು ಬರೀ ನೋಡಬೇಕು ಅಂದರೆ ಅದನ್ನು ಅರವತ್ತು ಕಡೆ ಇಡುವ ಅಗತ್ಯವೇ ಇಲ್ಲ. ಸರ್ವರಿನಲ್ಲಿ ಒಂದು ಶೇರ್ ಫೋಲ್ಡರ್ ಮಾಡಿ, ಎಲ್ಲರ ಡೆಸ್ಕ್‌ಟಾಪಿನಲ್ಲಿ ಅದರ ಶಾರ್ಟ್‌ಕಟ್ ಇಟ್ಟರೆ ಸಾಕು. ಫೈಲ್ ಬದಲಾದರೆ ಒಂದೇ ಕಡೆ ಬದಲಿಸುತ್ತೀರಿ. ವರ್ಡ್ ಟೆಂಪ್ಲೇಟುಗಳಿಗಂತೂ ವರ್ಡ್‌ನಲ್ಲೇ ದಾರಿ ಇದೆ. ಆಪ್ಷನ್ಸ್, ಅಡ್ವಾನ್ಸ್ಡ್, ಫೈಲ್ ಲೊಕೇಶನ್ಸ್ ಒಳಗೆ "ವರ್ಕ್‌ಗ್ರೂಪ್ ಟೆಂಪ್ಲೇಟ್ಸ್" ಎಂಬ ಜಾಗವಿದೆ. ಅದಕ್ಕೆ ಶೇರ್ ಫೋಲ್ಡರಿನ ವಿಳಾಸ ಕೊಟ್ಟರೆ ಆಯಿತು.

ಪ್ರತಿ ಕಂಪ್ಯೂಟರಿಗೂ ಕಾಪಿ ಬೇಕಾಗುವುದು ಮೂರು ಸಂದರ್ಭದಲ್ಲಿ. ಯಾವುದೋ ಸಾಫ್ಟ್‌ವೇರ್ ಆ ಫೈಲನ್ನು ಸಿ ಡ್ರೈವಿನ ಒಂದು ನಿಗದಿತ ಜಾಗದಲ್ಲೇ ಹುಡುಕುತ್ತದೆ. ಅಥವಾ ನೆಟ್‌ವರ್ಕ್ ಬಿದ್ದಾಗಲೂ ಕೆಲಸ ನಡೆಯಬೇಕು. ಅಥವಾ ಲ್ಯಾಪ್‌ಟಾಪ್‌ಗಳು ಹೊರಗೆ ಹೋಗುತ್ತವೆ. ನಿಮ್ಮದು ಈ ಮೂರರಲ್ಲಿ ಒಂದಾದರೆ ಮುಂದೆ ಓದಿ.

ಇಲ್ಲಿ ಹೇಳುವುದು ಫೈಲ್ ಹಂಚುವ ಬಗ್ಗೆ ಮಾತ್ರ, ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಬಗ್ಗೆ ಅಲ್ಲ. ಫಾಂಟ್ ವಿಷಯದಲ್ಲಿ ತುಂಬಾ ಜನ ಇಲ್ಲೇ ಎಡವುತ್ತಾರೆ. ಫಾಂಟ್ ಫೈಲನ್ನು ವಿಂಡೋಸಿನ ಫಾಂಟ್ಸ್ ಫೋಲ್ಡರಿಗೆ ಸುಮ್ನೆ ಹೀಗೆ ಕಾಪಿ ಮಾಡಿದರೆ ಅದು ವರ್ಡ್‌ನ ಪಟ್ಟಿಯಲ್ಲಿ ಬರುವುದಿಲ್ಲ. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿ, ಅದರ ಹೆಸರೂ ದಾಖಲಾಗಬೇಕು.

ತಳ್ಳುವುದಾ, ಎಳೆದುಕೊಳ್ಳುವುದಾ?

ಫೈಲ್ ಹಂಚಲು ಎರಡು ರೀತಿಗಳಿವೆ. ನಿಮ್ಮ ಕಂಪ್ಯೂಟರಿನಿಂದ ಒಂದೊಂದೇ ಕಂಪ್ಯೂಟರಿಗೆ ಫೈಲ್ ಕಳಿಸುವುದು ಒಂದು. ಇದು ತಳ್ಳುವ ರೀತಿ. ಪ್ರತಿ ಕಂಪ್ಯೂಟರೂ ಆಗಾಗ ಸರ್ವರಿನ ಕಡೆ ನೋಡಿ, ಹೊಸದಿದ್ದರೆ ತಾನೇ ತಂದುಕೊಳ್ಳುವುದು ಇನ್ನೊಂದು. ಇದು ಎಳೆಯುವ ರೀತಿ.

ಹೆಚ್ಚಿನವರು ಶುರು ಮಾಡುವುದು ತಳ್ಳುವುದರಿಂದ. ಕಂಪ್ಯೂಟರ್ ಹೆಸರುಗಳ ಪಟ್ಟಿ, ಒಂದು ಚಿಕ್ಕ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ಮುಗೀತು ಅನ್ನಿಸುತ್ತದೆ. ಆದರೆ ಸ್ಕ್ರಿಪ್ಟ್ ಓಡಿಸಿದ ಹೊತ್ತಿಗೆ ನಾಲ್ಕು ಕಂಪ್ಯೂಟರ್ ಆಫ್ ಆಗಿರುತ್ತವೆ, ಎರಡು ನಿದ್ದೆಗೆ ಹೋಗಿರುತ್ತವೆ, ಒಬ್ಬರು ಲ್ಯಾಪ್‌ಟಾಪ್ ಮನೆಗೆ ಒಯ್ದಿರುತ್ತಾರೆ. ಯಾರಿಗೆ ತಲುಪಿತು, ಯಾರಿಗಿಲ್ಲ ಎಂದು ಪಟ್ಟಿ ಇಟ್ಟುಕೊಂಡು ಮರುದಿನ ಮತ್ತೆ ಓಡಿಸಬೇಕು. ಅದೂ ಅಲ್ಲದೆ ತಳ್ಳುವವನಿಗೆ ಎಲ್ಲ ಕಂಪ್ಯೂಟರಿನ ಮೇಲೂ ಅಡ್ಮಿನ್ ಅಧಿಕಾರ ಬೇಕು. ಆ ಒಂದು ಪಾಸ್‌ವರ್ಡ್ ಸೋರಿದರೆ ಇಡೀ ಆಫೀಸು ತೆರೆದ ಬಾಗಿಲು.

ಎಳೆಯುವ ರೀತಿಯಲ್ಲಿ ಈ ತಲೆನೋವಿಲ್ಲ. ಆಫ್ ಆಗಿದ್ದ ಕಂಪ್ಯೂಟರ್ ಆನ್ ಆದಾಗ ತಾನೇ ತಂದುಕೊಳ್ಳುತ್ತದೆ. ಹಾಗಾಗಿ ನನ್ನ ಸಲಹೆ ಯಾವಾಗಲೂ ಎಳೆಯುವ ಕಡೆಗೇ. ಕೆಳಗಿನ ಹಂತಗಳೂ ಹಾಗೇ ಇವೆ.

ಹಂತ 1: ಒಂದು ಮೂಲ ಫೋಲ್ಡರ್ ಮಾಡಿ

ಹಂಚುವ ಫೈಲುಗಳೆಲ್ಲ ಒಂದೇ ಕಡೆಯಿಂದ ಹೊರಡಬೇಕು. ಸರ್ವರಿನಲ್ಲಿ ಒಂದು ಫೋಲ್ಡರ್ ಮಾಡಿ ಶೇರ್ ಮಾಡಿ. ಶೇರ್ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿದರೆ, ಉದಾಹರಣೆಗೆ \\ಸರ್ವರ್\ಹಂಚಿಕೆ$ ಎಂದಿಟ್ಟರೆ, ನೆಟ್‌ವರ್ಕ್ ಜಾಲಾಡುವವರಿಗೆ ಅದು ಕಾಣುವುದಿಲ್ಲ. ಇದು ಬೀಗ ಅಲ್ಲ, ಬರೀ ಪರದೆ. ವಿಳಾಸ ಗೊತ್ತಿದ್ದವರು ಹೋಗಬಹುದು.

ಸರ್ವರ್ ಇಲ್ಲ, ಒಂದು ಸಾಮಾನ್ಯ ವಿಂಡೋಸ್ 10 ಅಥವಾ 11 ಕಂಪ್ಯೂಟರಿನಲ್ಲೇ ಇಡುತ್ತೇನೆ ಅನ್ನುತ್ತೀರಾ? ಇಡಬಹುದು. ಆದರೆ ಅದಕ್ಕೆ ಒಂದೇ ಸಮಯದಲ್ಲಿ 20 ಸಂಪರ್ಕಗಳ ಮಿತಿ ಇದೆ. ಮೂವತ್ತು ಕಂಪ್ಯೂಟರ್ ಇರುವ ಆಫೀಸಿನಲ್ಲಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಂದಾಗ ಹತ್ತು ಕಂಪ್ಯೂಟರಿಗೆ ಎರರ್ ಬರುತ್ತದೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಹಳೇ ಕಂಪ್ಯೂಟರ್ ಒಂದು ಶೇರ್ ಫೋಲ್ಡರ್ ತೆರೆಯುತ್ತಿಲ್ಲ ಎಂದು ಎಸ್‌ಎಂಬಿ 1 ಆನ್ ಮಾಡಲು ಯಾರಾದರೂ ಹೇಳಿದರೆ ಕೇಳಬೇಡಿ. ಎಸ್‌ಎಂಬಿ ಅಂದರೆ ವಿಂಡೋಸ್ ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವಾಗ ಆಡುವ ಭಾಷೆ. ಅದರ ಮೊದಲ ಆವೃತ್ತಿಯಲ್ಲಿದ್ದ ಒಂದು ತೂತನ್ನು ಹಿಡಿದೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಲೋಕವೆಲ್ಲ ಹಬ್ಬಿತು.

ಇನ್ನೊಂದು ಚಿಕ್ಕ ಅಭ್ಯಾಸ. ದೊಡ್ಡ ಫೈಲನ್ನು ಮೂಲ ಫೋಲ್ಡರಿಗೆ ಹಾಕುವಾಗ ನೇರವಾಗಿ ಹಾಕಬೇಡಿ. ನೀವು ಕಾಪಿ ಮಾಡುತ್ತಿರುವಾಗಲೇ ಯಾವುದೋ ಕಂಪ್ಯೂಟರ್ ಬಂದು ಅರ್ಧ ಫೈಲನ್ನು ಎತ್ತಿಕೊಂಡು ಹೋಗಬಹುದು. ಅದೇ ಡ್ರೈವಿನಲ್ಲಿ, ಶೇರ್‌ನಿಂದ ಹೊರಗೆ ಒಂದು ತಯಾರಿ ಫೋಲ್ಡರ್ ಇಟ್ಟುಕೊಳ್ಳಿ. ಫೈಲ್ ಪೂರ್ತಿ ಅಲ್ಲಿಗೆ ಬಂದ ಮೇಲೆ ಒಳಗೆ ಸರಿಸಿ. ಒಂದೇ ಡ್ರೈವಿನೊಳಗೆ ಸರಿಸುವುದು ಕ್ಷಣದಲ್ಲಿ ಆಗುತ್ತದೆ. ಆದರೆ ಹೀಗೆ ಸರಿಸಿದ ಫೈಲ್ ತನ್ನ ಹಳೇ ಪರ್ಮಿಷನ್ನುಗಳನ್ನೇ ಹೊತ್ತುಕೊಂಡು ಬರುತ್ತದೆ. ಹಾಗಾಗಿ ಎರಡೂ ಫೋಲ್ಡರಿಗೆ ಒಂದೇ ಪರ್ಮಿಷನ್ ಇಟ್ಟಿರಿ.

ಹಂತ 2: ಪರ್ಮಿಷನ್ ಸರಿಮಾಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. "ಎಲ್ಲ ಮಾಡಿದೆ, ಆದರೂ ಫೈಲ್ ಬರ್ತಿಲ್ಲ" ಅನ್ನುವವರಲ್ಲಿ ಬಹುಪಾಲು ಜನ ಸಿಕ್ಕಿಬೀಳುವುದು ಈ ಹಂತದಲ್ಲೇ.

ತಾನಾಗಿ ನಡೆಯುವ ಕೆಲಸಗಳನ್ನು ವಿಂಡೋಸ್ ಸಾಮಾನ್ಯವಾಗಿ ಸಿಸ್ಟಮ್ ಎಂಬ ಒಳಗಿನ ಖಾತೆಯ ಹೆಸರಿನಲ್ಲಿ ಮಾಡುತ್ತದೆ. ಈ ಖಾತೆ ನೆಟ್‌ವರ್ಕಿಗೆ ಹೋದಾಗ ಯಾವ ವ್ಯಕ್ತಿಯ ಹೆಸರನ್ನೂ ಹೇಳುವುದಿಲ್ಲ, ಕಂಪ್ಯೂಟರಿನ ಹೆಸರನ್ನು ಹೇಳುತ್ತದೆ. ಅಂದರೆ ಸರ್ವರಿನ ಬಾಗಿಲು ತಟ್ಟುವುದು ನಿಮ್ಮ ಸಹೋದ್ಯೋಗಿ ಅಲ್ಲ, ಅವರ ಕಂಪ್ಯೂಟರ್. ನೀವು ಮನುಷ್ಯರಿಗೆ ಮಾತ್ರ ಓದುವ ಅನುಮತಿ ಕೊಟ್ಟಿದ್ದರೆ ಕಂಪ್ಯೂಟರನ್ನು ಸರ್ವರ್ ಹೊರಗೇ ನಿಲ್ಲಿಸುತ್ತದೆ.

ಡೊಮೈನ್ ಇರುವ ಆಫೀಸಿನಲ್ಲಿ "ಡೊಮೈನ್ ಕಂಪ್ಯೂಟರ್ಸ್" ಎಂಬ ಗುಂಪಿಗೆ ಓದುವ ಅನುಮತಿ ಕೊಡಿ. ಡೊಮೈನ್ ಅಂದರೆ ಎಲ್ಲ ಕಂಪ್ಯೂಟರು, ಎಲ್ಲ ಬಳಕೆದಾರರ ದಾಖಲೆ ಒಂದೇ ಸರ್ವರಿನ ಹಿಡಿತದಲ್ಲಿರುವ ವ್ಯವಸ್ಥೆ. ಅನುಮತಿಯನ್ನು ಎರಡು ಕಡೆ ಕೊಡಬೇಕು. ಒಂದು ಶೇರಿಂಗ್ ಟ್ಯಾಬ್, ಇನ್ನೊಂದು ಸೆಕ್ಯುರಿಟಿ ಟ್ಯಾಬ್. ಎರಡರಲ್ಲಿ ಯಾವುದು ಜಾಸ್ತಿ ಬಿಗಿಯೋ ಅದೇ ಲೆಕ್ಕಕ್ಕೆ ಬರುತ್ತದೆ.

ಬರೆಯುವ ಅನುಮತಿಯ ವಿಷಯದಲ್ಲಿ ಜಿಪುಣರಾಗಿರಿ. ಈ ಫೋಲ್ಡರಿಗೆ ಏನು ಬಿದ್ದರೂ ಅದು ಆಫೀಸಿನ ಪ್ರತಿ ಕಂಪ್ಯೂಟರಿಗೂ ಹೋಗುತ್ತದೆ. ಇಲ್ಲಿಗೆ ಬರೆಯಬಲ್ಲವನು ಎಲ್ಲ ಕಂಪ್ಯೂಟರಿಗೂ ಬರೆಯಬಲ್ಲ. ಒಬ್ಬರು ಅಥವಾ ಇಬ್ಬರಿಗೆ ಸಾಕು. ಮ್ಯಾನೇಜರಿಗೂ ಬೇಡ.

ಮತ್ತೆ ವಿಳಾಸದ ವಿಷಯ. ನಿಮಗೆ ಶೇರ್ ಫೋಲ್ಡರ್ ಝಡ್ ಡ್ರೈವ್ ಎಂದು ಕಾಣುತ್ತಿರಬಹುದು. ಆ ಝಡ್ ನೀವು ಲಾಗಿನ್ ಆದಾಗ ನಿಮಗಾಗಿ ಹುಟ್ಟಿದ್ದು. ಸಿಸ್ಟಮ್ ಖಾತೆಗೆ ಅದು ಇಲ್ಲವೇ ಇಲ್ಲ. ಯಾವಾಗಲೂ ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ವಿಳಾಸವನ್ನೇ ಬರೆಯಿರಿ.

ಹಂತ 3: ಡೊಮೈನ್ ಇದ್ದರೆ ಗ್ರೂಪ್ ಪಾಲಿಸಿ

ಗ್ರೂಪ್ ಪಾಲಿಸಿ ಅಂದರೆ ಸರ್ವರಿನಲ್ಲಿ ಒಮ್ಮೆ ಬರೆದಿಟ್ಟ ನಿಯಮವನ್ನು ಎಲ್ಲ ಕಂಪ್ಯೂಟರುಗಳೂ ಓದಿ ಪಾಲಿಸುವ ಏರ್ಪಾಡು. ವಿಂಡೋಸ್ ಸರ್ವರ್ 2008ರಿಂದ ಇದರಲ್ಲಿ ಪ್ರಿಫರೆನ್ಸಸ್ ಎಂಬ ಭಾಗ ಸೇರಿದೆ. ಫೈಲ್ ಹಂಚುವುದು ಅದರೊಳಗಿದೆ.

1. ಸರ್ವರಿನಲ್ಲಿ ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್ ತೆರೆಯಿರಿ. ನಿಮ್ಮ ಕಂಪ್ಯೂಟರುಗಳು ಯಾವ ಓಯು ಒಳಗಿವೆಯೋ ಅದರ ಮೇಲೆ ಹೊಸ ಪಾಲಿಸಿ ಮಾಡಿ. ಓಯು ಎಂದರೆ ಡೊಮೈನಿನೊಳಗಿನ ಒಂದು ವಿಭಾಗ, ಫೋಲ್ಡರ್ ಇದ್ದ ಹಾಗೆ. ಬಳಕೆದಾರರ ಓಯು ಮೇಲೆ ಜೋಡಿಸಿದರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ನಾವು ಬರೆಯುತ್ತಿರುವುದು ಕಂಪ್ಯೂಟರಿನ ನಿಯಮ.

2. ಪಾಲಿಸಿಯನ್ನು ಎಡಿಟ್ ಮಾಡಲು ತೆರೆದು ಕಂಪ್ಯೂಟರ್ ಕಾನ್ಫಿಗರೇಶನ್, ಪ್ರಿಫರೆನ್ಸಸ್, ವಿಂಡೋಸ್ ಸೆಟ್ಟಿಂಗ್ಸ್, ಫೈಲ್ಸ್ ಎಂದು ಒಳಗೆ ಹೋಗಿ. ಬಲಗಡೆ ರೈಟ್ ಕ್ಲಿಕ್ ಮಾಡಿ ನ್ಯೂ, ಫೈಲ್ ಆರಿಸಿ.

3. ಆ್ಯಕ್ಷನ್ ಎಂಬಲ್ಲಿ ಕ್ರಿಯೇಟ್, ರಿಪ್ಲೇಸ್, ಅಪ್‌ಡೇಟ್, ಡಿಲೀಟ್ ಎಂಬ ನಾಲ್ಕು ಆಯ್ಕೆ ಇವೆ. ಮೊದಲೇ ಆರಿಸಿರುವುದು ಅಪ್‌ಡೇಟ್. ಹೆಸರು ನೋಡಿದರೆ ಹೊಸ ಫೈಲ್ ಬಂದಾಗ ಬದಲಿಸುತ್ತೆ ಅನ್ನಿಸುತ್ತದೆ, ಅಲ್ವಾ? ಮೈಕ್ರೋಸಾಫ್ಟ್ ಕೊಟ್ಟಿರುವ ವಿವರಣೆ ಬೇರೆ. ಫೈಲ್ ಇಲ್ಲದಿದ್ದರೆ ತಂದಿಡುತ್ತದೆ, ಇದ್ದರೆ ಅದರ ಆಟ್ರಿಬ್ಯೂಟುಗಳನ್ನು, ಅಂದರೆ ರೀಡ್ ಓನ್ಲಿ, ಹಿಡನ್ ಇಂಥವನ್ನು ಮಾತ್ರ ಸರಿಮಾಡುತ್ತದೆ. ಒಳಗಿನ ವಿಷಯ ಬದಲಾಗುವ ಫೈಲ್ ಆದರೆ ರಿಪ್ಲೇಸ್ ಆರಿಸಿ. ಒಮ್ಮೆ ಇಟ್ಟರೆ ಸಾಕು, ಮತ್ತೆ ಮುಟ್ಟುವುದು ಬೇಡ ಅಂದರೆ ಕ್ರಿಯೇಟ್.

4. ಸೋರ್ಸ್ ಜಾಗದಲ್ಲಿ ಶೇರ್ ಫೋಲ್ಡರಿನಲ್ಲಿರುವ ಫೈಲಿನ ಪೂರ್ತಿ ವಿಳಾಸ ಕೊಡಿ. ಡೆಸ್ಟಿನೇಶನ್ ಜಾಗದಲ್ಲಿ ಫೋಲ್ಡರ್ ಹೆಸರು ಮಾತ್ರ ಬರೆದರೆ ಸಾಲದು, ಕೊನೆಗೆ ಫೈಲಿನ ಹೆಸರೂ ಬೇಕು. ಸೋರ್ಸ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹಲವು ಫೈಲುಗಳನ್ನು ಒಟ್ಟಿಗೆ ಕೊಟ್ಟಾಗ ಮಾತ್ರ ಡೆಸ್ಟಿನೇಶನ್‌ನಲ್ಲಿ ಬರೀ ಫೋಲ್ಡರ್ ಇರಬೇಕು.

5. ಕೆಲವೇ ಕಂಪ್ಯೂಟರಿಗೆ ಬೇಕಾದರೆ ಕಾಮನ್ ಟ್ಯಾಬಿನಲ್ಲಿ "ಐಟಂ ಲೆವೆಲ್ ಟಾರ್ಗೆಟಿಂಗ್" ಇದೆ. ಕಂಪ್ಯೂಟರ್ ಹೆಸರು, ಗುಂಪು, ಐಪಿ ವಿಳಾಸ, ವಿಂಡೋಸ್ ಆವೃತ್ತಿ, ಹೀಗೆ ಯಾವುದರ ಮೇಲಾದರೂ ಷರತ್ತು ಹಾಕಬಹುದು. ಒಂದು ಕಂಪ್ಯೂಟರನ್ನು ಹೊಸದಾಗಿ ಗುಂಪಿಗೆ ಸೇರಿಸಿದರೆ ಅದು ರೀಸ್ಟಾರ್ಟ್ ಆಗುವ ತನಕ ತಾನು ಆ ಗುಂಪಿನಲ್ಲಿದ್ದೇನೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಇಷ್ಟೇ. ಕಂಪ್ಯೂಟರುಗಳು 90 ನಿಮಿಷಕ್ಕೊಮ್ಮೆ ಪಾಲಿಸಿ ಓದುತ್ತವೆ. ಎಲ್ಲವೂ ಒಟ್ಟಿಗೆ ಮುಗಿಬೀಳದಿರಲಿ ಎಂದು ಅದಕ್ಕೆ 0ಯಿಂದ 30 ನಿಮಿಷ ಹೆಚ್ಚುವರಿ ಅಂತರವೂ ಸೇರುತ್ತದೆ. ಹಾಗಾಗಿ ಎರಡು ಗಂಟೆ ಕಾಯಿರಿ. ಕಾಯಲಾಗದಿದ್ದರೆ ಒಂದು ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು "ಜಿಪಿಅಪ್‌ಡೇಟ್ /ಫೋರ್ಸ್" ಕೊಟ್ಟು ನೋಡಿ.

ಈ ದಾರಿಯಲ್ಲಿ ಎರಡು ಕಡೆ ಜಾರಬಹುದು. ಮೊದಲನೆಯದು, ಫೈಲುಗಳನ್ನು ಸಿಸ್‌ವಾಲ್ ಅಥವಾ ನೆಟ್‌ಲಾಗಾನ್ ಫೋಲ್ಡರಿನಲ್ಲಿ ಇಡುವುದು. ಅಲ್ಲಿಟ್ಟ ಪ್ರತಿ ಫೈಲೂ ಡೊಮೈನಿನ ಎಲ್ಲ ಡೊಮೈನ್ ಕಂಟ್ರೋಲರುಗಳಿಗೂ, ಅಂದರೆ ಡೊಮೈನನ್ನು ನಡೆಸುವ ಸರ್ವರುಗಳಿಗೂ, ನಕಲಾಗುತ್ತದೆ. ಚಿಕ್ಕ ಸ್ಕ್ರಿಪ್ಟಿಗೆ ಪರವಾಗಿಲ್ಲ, ಐನೂರು ಎಂಬಿ ವಿಡಿಯೋಗೆ ಅಲ್ಲ. ಎರಡನೆಯದು, ಪಾಲಿಸಿಯ ಸೆಕ್ಯುರಿಟಿ ಫಿಲ್ಟರಿಂಗ್‌ನಿಂದ, ಅಂದರೆ ಪಾಲಿಸಿ ಯಾರಿಗೆ ಎಂದು ಹೇಳುವ ಪಟ್ಟಿಯಿಂದ, "ಆಥೆಂಟಿಕೇಟೆಡ್ ಯೂಸರ್ಸ್" ಗುಂಪನ್ನು ತೆಗೆದುಹಾಕುವುದು. ಹೆಸರು ಯೂಸರ್ಸ್ ಎಂದಿದ್ದರೂ ಡೊಮೈನಿನ ಕಂಪ್ಯೂಟರುಗಳೂ ಅದರಲ್ಲಿವೆ. 2016ರ ಜೂನ್ ತಿಂಗಳ ಒಂದು ಸೆಕ್ಯುರಿಟಿ ಅಪ್‌ಡೇಟ್ ನಂತರ ಬಳಕೆದಾರರ ಪಾಲಿಸಿಗಳನ್ನು ಕೂಡ ಕಂಪ್ಯೂಟರ್ ತನ್ನ ಹೆಸರಿನಲ್ಲೇ ಓದುತ್ತದೆ. ಆ ಗುಂಪನ್ನು ತೆಗೆದರೆ ಡೆಲಿಗೇಶನ್ ಟ್ಯಾಬಿನಲ್ಲಿ ಡೊಮೈನ್ ಕಂಪ್ಯೂಟರ್ಸ್ ಗುಂಪಿಗೆ ಓದುವ ಅನುಮತಿಯನ್ನಾದರೂ ಕೊಡಿ.

ಹಂತ 4: ಫೈಲ್ ದೊಡ್ಡದಾದರೆ, ಫೋಲ್ಡರೇ ಹೋಗಬೇಕಾದರೆ ರೋಬೋಕಾಪಿ

ಗ್ರೂಪ್ ಪಾಲಿಸಿಯ ರಿಪ್ಲೇಸ್ ಒಂದು ದಡ್ಡ ಕೆಲಸಗಾರ. ಫೈಲ್ ಬದಲಾಗಿದೆಯಾ ಎಂದು ನೋಡುವುದಿಲ್ಲ, ಪ್ರತಿ ಸಲ ಅಳಿಸಿ ಮತ್ತೆ ತರುತ್ತದೆ. ಹತ್ತು ಕೆಬಿ ಫೈಲಿಗೆ ಇದು ಲೆಕ್ಕಕ್ಕಿಲ್ಲ. 200 ಎಂಬಿ ಫೈಲ್ ಆದರೆ ಲೆಕ್ಕ ಹಾಕಿ. ಅರವತ್ತು ಕಂಪ್ಯೂಟರಿಗೆ ಒಟ್ಟು 12 ಜಿಬಿ. ಸರ್ವರಿನ ತಂತಿ 100 ಎಂಬಿಪಿಎಸ್ ಆದರೆ ಪುಸ್ತಕದ ಲೆಕ್ಕದಲ್ಲೇ 16 ನಿಮಿಷ ಅದು ಬೇರೆ ಏನನ್ನೂ ಮಾಡಲಾರದು. ಒಂದು ಜಿಬಿಪಿಎಸ್ ಆದರೆ ಒಂದೂವರೆ ನಿಮಿಷ ಚಿಲ್ಲರೆ. ಇದು ದಿನಕ್ಕೊಮ್ಮೆ ಅಲ್ಲ, 90 ನಿಮಿಷಕ್ಕೊಮ್ಮೆ.

ಇಂಥ ಕಡೆ ರೋಬೋಕಾಪಿ ಎಂಬ ಕಾಪಿ ಮಾಡುವ ಕಮಾಂಡ್ ಬಳಸಿ. ವಿಂಡೋಸ್ ವಿಸ್ಟಾದಿಂದ ಈಚೆಗೆ ಎಲ್ಲ ವಿಂಡೋಸಿನಲ್ಲೂ ಇದು ಬಂದೇ ಇದೆ. ಫೈಲಿನ ಗಾತ್ರ, ತಾರೀಕು ಹೋಲಿಸಿ ನೋಡಿ ಬದಲಾದದ್ದನ್ನು ಮಾತ್ರ ತರುತ್ತದೆ. ಕಮಾಂಡ್ ಹೀಗಿರುತ್ತದೆ:

ರೋಬೋಕಾಪಿ "\\ಸರ್ವರ್\ಹಂಚಿಕೆ$\ನಮೂನೆ" "ಸಿ:\ಆಫೀಸ್\ನಮೂನೆ" /ಇ /ಆರ್:2 /ಡಬ್ಲ್ಯೂ:5 /ಲಾಗ್:"ಸಿ:\ಆಫೀಸ್\ಲಾಗ್.ಟಿಎಕ್ಸ್‌ಟಿ"

ಮೊದಲು ಮೂಲ ಫೋಲ್ಡರ್, ಆಮೇಲೆ ತಲುಪಬೇಕಾದ ಫೋಲ್ಡರ್. ಎರಡೂ ಫೋಲ್ಡರ್‌ಗಳೇ ಆಗಿರಬೇಕು. ಒಂದೇ ಫೈಲ್ ಬೇಕಾದರೆ ಅದರ ಹೆಸರನ್ನು ಮೂರನೆಯದಾಗಿ ಬರೆಯಿರಿ. /ಇ ಅಂದರೆ ಒಳಗಿನ ಫೋಲ್ಡರುಗಳೂ ಸೇರಿ.

/ಆರ್ ಮತ್ತು /ಡಬ್ಲ್ಯೂ ಬಿಡಲೇಬೇಡಿ. ಆರ್ ಅಂದರೆ ಕಾಪಿ ಆಗದಿದ್ದರೆ ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು, ಡಬ್ಲ್ಯೂ ಅಂದರೆ ನಡುವೆ ಎಷ್ಟು ಸೆಕೆಂಡ್ ಕಾಯಬೇಕು. ನೀವು ಹೇಳದಿದ್ದರೆ ರೋಬೋಕಾಪಿ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಯಾರೋ ಒಂದು ಎಕ್ಸೆಲ್ ಫೈಲ್ ತೆರೆದಿಟ್ಟು ಊಟಕ್ಕೆ ಹೋದರೆ ಸಾಕು, ಆ ಒಂದು ಫೈಲಿಗಾಗಿ 347 ದಿನ ಕಾದು ಕೂರಲು ಅದು ತಯಾರು.

ಫೋಲ್ಡರ್ ವಿಳಾಸದ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಹಾಕಿ ಉದ್ಧರಣ ಚಿಹ್ನೆ ಮುಚ್ಚಬೇಡಿ. ಆ ಜೋಡಿಯನ್ನು ಅದು ಬೇರೆಯೇ ಅರ್ಥದಲ್ಲಿ ಓದಿಕೊಂಡು ಎರಡು ವಿಳಾಸಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ.

ಈಗ /ಎಂಐಆರ್ ವಿಷಯ. ಎಲ್ಲೇ ಹುಡುಕಿದರೂ ಇದನ್ನೇ ಹಾಕಿ ಎನ್ನುತ್ತಾರೆ. ಇದು ಕನ್ನಡಿ ಹಿಡಿದ ಹಾಗೆ. ಮೂಲದಲ್ಲಿ ಏನಿದೆಯೋ ಅಷ್ಟೇ ಇಲ್ಲೂ ಇರಬೇಕು ಎನ್ನುತ್ತದೆ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅಳಿಸುತ್ತದೆ. ಸರ್ವರ್ ಸಿಗದಿದ್ದರೆ ಅದು ಎರರ್ ಕೊಟ್ಟು ಸುಮ್ಮನಾಗುತ್ತದೆ, ಅಲ್ಲಿ ಭಯವಿಲ್ಲ. ಸರ್ವರ್ ಸಿಕ್ಕಿ, ಮೂಲ ಫೋಲ್ಡರ್ ಖಾಲಿ ಇದ್ದರೆ ಎಲ್ಲರ ಕಂಪ್ಯೂಟರಿನಲ್ಲೂ ಆ ಫೋಲ್ಡರ್ ಖಾಲಿ. ತಲುಪುವ ವಿಳಾಸ ತಪ್ಪಾಗಿ ಬಳಕೆದಾರರ ಡಾಕ್ಯುಮೆಂಟ್ಸ್ ಫೋಲ್ಡರ್ ಆಗಿದ್ದರೆ ಅವರ ವರ್ಷದ ಕೆಲಸ ಹೋಯಿತು. ಎಂಐಆರ್ ಹಾಕುವುದಾದರೆ ಅದಕ್ಕೆಂದೇ ಮಾಡಿದ ಪ್ರತ್ಯೇಕ ಫೋಲ್ಡರಿಗೆ ಮಾತ್ರ ಹಾಕಿ. ಮೊದಲು /ಎಲ್ ಸೇರಿಸಿ ಓಡಿಸಿ. ಆಗ ಅದು ಏನನ್ನೂ ಮುಟ್ಟದೆ, ಏನೇನು ಮಾಡುತ್ತಿತ್ತು ಎಂದು ಪಟ್ಟಿ ಮಾತ್ರ ಕೊಡುತ್ತದೆ. ಆ ಪಟ್ಟಿಯನ್ನು ಪೂರ್ತಿ ಓದಿ.

ಈ ಕಮಾಂಡನ್ನು ದಿನವೂ ಓಡಿಸಲು ಟಾಸ್ಕ್ ಶೆಡ್ಯೂಲರ್ ಇದೆ. ಡೊಮೈನ್ ಇದ್ದರೆ ಈ ಟಾಸ್ಕನ್ನೂ ಗ್ರೂಪ್ ಪಾಲಿಸಿಯ ಪ್ರಿಫರೆನ್ಸಸ್ ಒಳಗಿನ ಶೆಡ್ಯೂಲ್ಡ್ ಟಾಸ್ಕ್ಸ್ ಮೂಲಕ ಎಲ್ಲರಿಗೂ ಹಾಕಬಹುದು. ಟಾಸ್ಕ್ ಸಿಸ್ಟಮ್ ಖಾತೆಯಲ್ಲಿ ಓಡಲಿ. ಆಮೇಲೆ ಈ ಮೂರು ಸೆಟ್ಟಿಂಗ್ ನೋಡಿ:

- ಟ್ರಿಗರ್‌ನಲ್ಲಿ, ಅಂದರೆ ಟಾಸ್ಕ್ ಯಾವಾಗ ಶುರುವಾಗಬೇಕು ಎಂದು ಹೇಳುವಲ್ಲಿ, ರ್‍ಯಾಂಡಮ್ ಡಿಲೇ ಕೊಡಿ, ಅರ್ಧ ಗಂಟೆ ಅಥವಾ ಒಂದು ಗಂಟೆ. ಇಲ್ಲದಿದ್ದರೆ ಅರವತ್ತು ಕಂಪ್ಯೂಟರೂ ಒಂದೇ ನಿಮಿಷಕ್ಕೆ ಸರ್ವರಿನ ಮೇಲೆ ಬೀಳುತ್ತವೆ.
- "ತಪ್ಪಿದ ಸಮಯದ ನಂತರ ಆದಷ್ಟು ಬೇಗ ಓಡಿಸು" ಎಂಬ ಅರ್ಥದ ಚೌಕ ಸೆಟ್ಟಿಂಗ್ಸ್ ಟ್ಯಾಬಿನಲ್ಲಿದೆ, ಗುರುತು ಹಾಕಿ. ಆಫ್ ಆಗಿದ್ದ ಕಂಪ್ಯೂಟರನ್ನು ಹಿಡಿಯುವುದು ಇದೇ.
- ಕಂಡೀಶನ್ಸ್ ಟ್ಯಾಬಿನಲ್ಲಿ ಕರೆಂಟಿಗೆ ಜೋಡಿಸಿದ್ದಾಗ ಮಾತ್ರ ಓಡಿಸು ಎಂಬುದಕ್ಕೆ ಮೊದಲೇ ಗುರುತು ಇರುತ್ತದೆ. ತೆಗೆಯಿರಿ. ಲ್ಯಾಪ್‌ಟಾಪ್‌ಗಳಿಗೆ ಫೈಲ್ ಹೋಗದಿರುವುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ.

ಟಾಸ್ಕ್ ಓಡಿದ ಮೇಲೆ ಫಲಿತಾಂಶದಲ್ಲಿ 1 ಎಂದು ಕಂಡರೆ ಗಾಬರಿ ಬೇಡ. ರೋಬೋಕಾಪಿಯ ಲೆಕ್ಕದಲ್ಲಿ 0 ಅಂದರೆ ಕಾಪಿ ಮಾಡಲು ಏನೂ ಇರಲಿಲ್ಲ, 1 ಅಂದರೆ ಫೈಲ್ ಕಾಪಿ ಆಯಿತು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಏನೋ ಕೆಟ್ಟಿದೆ.

ಈ ಕಮಾಂಡನ್ನು ಒಂದು ಸ್ಕ್ರಿಪ್ಟ್ ಫೈಲಿನಲ್ಲಿ ಬರೆದು ಓಡಿಸುವುದಾದರೆ ಆ ಫೈಲ್ ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಸಿಸ್ಟಮ್ ಖಾತೆ ಓಡಿಸುವ ಸ್ಕ್ರಿಪ್ಟನ್ನು ಸಾಮಾನ್ಯ ಬಳಕೆದಾರರು ತಿದ್ದಬಲ್ಲ ಫೋಲ್ಡರಿನಲ್ಲಿ ಇಡಬಾರದು. ತಿದ್ದಿದವನು ಆ ಕಂಪ್ಯೂಟರಿನ ಯಜಮಾನ ಆಗುತ್ತಾನೆ. ಸ್ಕ್ರಿಪ್ಟಿನೊಳಗೆ ಪಾಸ್‌ವರ್ಡ್ ಬರೆಯುವುದಂತೂ ಬೇಡವೇ ಬೇಡ. ಹಿಂದೆ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನಲ್ಲೇ ಪಾಸ್‌ವರ್ಡ್ ಇಡಬಹುದಿತ್ತು. ಅದನ್ನು ಮುಚ್ಚಿಟ್ಟ ಬೀಗದ ಕೈ ಎಲ್ಲರಿಗೂ ಸಿಗುವಂತಿತ್ತು. ಕೊನೆಗೆ 2014ರಲ್ಲಿ ಮೈಕ್ರೋಸಾಫ್ಟ್ ಆ ಸೌಲಭ್ಯವನ್ನೇ ತೆಗೆಯಿತು.

ಹಂತ 5: ಡೊಮೈನ್ ಇಲ್ಲದಿದ್ದರೆ

ಹತ್ತು ಹದಿನೈದು ಕಂಪ್ಯೂಟರಿನ ಆಫೀಸುಗಳಲ್ಲಿ ಸಾಮಾನ್ಯವಾಗಿ ಡೊಮೈನ್ ಇರುವುದಿಲ್ಲ. ಪ್ರತಿ ಕಂಪ್ಯೂಟರೂ ಸ್ವತಂತ್ರ. ಇದಕ್ಕೆ ವರ್ಕ್‌ಗ್ರೂಪ್ ಅನ್ನುತ್ತಾರೆ. ಇಲ್ಲಿ ಸಿಸ್ಟಮ್ ಖಾತೆ ಶೇರ್ ಫೋಲ್ಡರಿಗೆ ಹೋದರೆ ಅದನ್ನು ಯಾರೂ ಗುರುತಿಸುವುದಿಲ್ಲ.

ರೋಬೋಕಾಪಿಯೇ ಬೇಕೆಂದರೆ ಮೂಲ ಕಂಪ್ಯೂಟರಿನಲ್ಲಿ ಓದಲು ಮಾತ್ರ ಅನುಮತಿ ಇರುವ ಒಂದು ಬಳಕೆದಾರ ಖಾತೆ ಮಾಡಿ. ಅದೇ ಹೆಸರು, ಅದೇ ಪಾಸ್‌ವರ್ಡಿನ ಖಾತೆಯನ್ನು ಪ್ರತಿ ಕಂಪ್ಯೂಟರಿನಲ್ಲೂ ಮಾಡಿ, ಟಾಸ್ಕ್ ಆ ಖಾತೆಯಲ್ಲಿ ಓಡುವಂತೆ ಇಡಿ. ಆ ಖಾತೆಗೆ ತಲುಪುವ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇರಬೇಕು, "ಲಾಗ್ ಆನ್ ಆ್ಯಸ್ ಎ ಬ್ಯಾಚ್ ಜಾಬ್" ಹಕ್ಕೂ, ಅಂದರೆ ಯಾರೂ ಲಾಗಿನ್ ಆಗದಿದ್ದಾಗಲೂ ಟಾಸ್ಕ್ ಓಡಿಸುವ ಹಕ್ಕೂ, ಇರಬೇಕು. "ಎವ್ರಿವನ್" ಎಂದು ಕೊಟ್ಟು ಪಾಸ್‌ವರ್ಡ್ ಇಲ್ಲದೆ ತೆರೆದಿಡುವ ಹಳೇ ಉಪಾಯ ಹೊಸ ವಿಂಡೋಸುಗಳಲ್ಲಿ ನಡೆಯುವುದೂ ಕಷ್ಟ, ನಡೆದರೂ ಒಳ್ಳೆಯದಲ್ಲ.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ಸಿಂಕ್‌ಥಿಂಗ್ ನೋಡಿ. ಹಲವು ಕಂಪ್ಯೂಟರುಗಳಲ್ಲಿ ಒಂದು ಫೋಲ್ಡರನ್ನು ಒಂದೇ ಥರ ಇಡುವ ಸಾಫ್ಟ್‌ವೇರ್ ಇದು. ಉಚಿತ, ಓಪನ್ ಸೋರ್ಸ್. ವರ್ಕ್‌ಗ್ರೂಪ್ ಆಫೀಸಿಗೆ ನಾನಾದರೆ ಇದನ್ನೇ ಹಾಕುತ್ತೇನೆ. ಪ್ರತಿ ಕಂಪ್ಯೂಟರಿಗೂ ಒಂದು ಉದ್ದದ ಗುರುತಿನ ಸಂಕೇತ ಸಿಗುತ್ತದೆ, ಎರಡೂ ಕಡೆಯವರು ಒಪ್ಪಿದ ಮೇಲೆಯೇ ಫೈಲ್ ಹರಿಯುತ್ತದೆ. ಮೂಲ ಕಂಪ್ಯೂಟರಿನಲ್ಲಿ ಫೋಲ್ಡರಿನ ಬಗೆಯನ್ನು "ಸೆಂಡ್ ಓನ್ಲಿ" ಎಂದೂ ಉಳಿದವುಗಳಲ್ಲಿ "ರಿಸೀವ್ ಓನ್ಲಿ" ಎಂದೂ ಇಡಿ. ಇದನ್ನು ಮರೆತರೆ ಎಲ್ಲರೂ ಎಲ್ಲರಿಗೂ ಕಳಿಸುತ್ತಾರೆ. ಯಾರೋ ಒಬ್ಬರು ಬೇಡದ ಫೈಲ್ ಅಂದುಕೊಂಡು ಅಳಿಸಿದರೆ ಎಲ್ಲರಲ್ಲೂ ಅಳಿಯುತ್ತದೆ. ಮೂಲದಲ್ಲಿ ಅಳಿಸಿದ್ದು ಹೇಗೂ ಎಲ್ಲೆಡೆ ಅಳಿಯುತ್ತದೆ, ಅದಕ್ಕೇ ಸ್ವೀಕರಿಸುವ ಕಡೆ ಫೈಲ್ ವರ್ಷನಿಂಗ್ ಆನ್ ಮಾಡಿ. ಹಳೇ ಪ್ರತಿ ಪಕ್ಕಕ್ಕೆ ಉಳಿಯುತ್ತದೆ. ಕಂಪ್ಯೂಟರ್ ಆನ್ ಆದಾಗ ಇದೂ ತಾನಾಗಿ ಶುರುವಾಗುವಂತೆ ಇಟ್ಟಿರಬೇಕು ಎಂಬುದನ್ನು ಮರೆಯಬೇಡಿ.

ಲಿನಕ್ಸ್ ಕಂಪ್ಯೂಟರುಗಳಿದ್ದರೆ ಆರ್‌ಸಿಂಕ್ ಮತ್ತು ಕ್ರಾನ್ ಸಾಕು. ಆರ್‌ಸಿಂಕ್ ಅಲ್ಲಿನ ರೋಬೋಕಾಪಿ ಇದ್ದ ಹಾಗೆ, ಕ್ರಾನ್ ಅಂದರೆ ಲಿನಕ್ಸಿನ ಟಾಸ್ಕ್ ಶೆಡ್ಯೂಲರ್. ಆರ್‌ಸಿಂಕ್‌ನಲ್ಲಿ ಮೂಲ ಫೋಲ್ಡರಿನ ಕೊನೆಗೆ ಸ್ಲ್ಯಾಶ್ ಇದ್ದರೆ ಒಳಗಿರುವುದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಡಿಲೀಟ್ ಆಯ್ಕೆ ಎಂಐಆರ್‌ನ ಅಣ್ಣತಮ್ಮ, ಹಾಗಾಗಿ ಮೊದಲು /ಎನ್ ಅಲ್ಲ, ಅಡ್ಡಗೆರೆ ಎನ್ ಹಾಕಿ ಒಣ ಪರೀಕ್ಷೆ ಮಾಡಿ.

ಹಂತ 6: ಮೊದಲು ಮೂರು ಕಂಪ್ಯೂಟರ್, ಆಮೇಲೆ ಎಲ್ಲ

ನಿಮ್ಮದೊಂದು, ಆಫೀಸಿನ ಅತಿ ಹಳೆಯದೊಂದು, ಒಂದು ಲ್ಯಾಪ್‌ಟಾಪ್. ಇವುಗಳಿಗೆ ಮಾತ್ರ ಒಂದು ಓಯು ಅಥವಾ ಗುಂಪು ಮಾಡಿ ಎರಡು ದಿನ ನೋಡಿ. ಫೈಲ್ ತೆರೆದಿಟ್ಟಿರುವಾಗ ಏನಾಗುತ್ತದೆ, ಆಫ್ ಮಾಡಿ ಮರುದಿನ ಆನ್ ಮಾಡಿದರೆ ಬರುತ್ತದಾ, ನೆಟ್‌ವರ್ಕ್ ತಂತಿ ಕಿತ್ತರೆ ಏನಾಗುತ್ತದೆ, ಇವನ್ನು ಬೇಕೆಂದೇ ಮಾಡಿ ನೋಡಿ.

ಹಂತ 7: ತಲುಪಿದೆಯಾ ನೋಡಿ

ಹಂಚುವ ಫೋಲ್ಡರಿನಲ್ಲಿ ಒಂದು ಚಿಕ್ಕ ಟೆಕ್ಸ್ಟ್ ಫೈಲ್ ಇಡಿ. ಅದರಲ್ಲಿ ತಾರೀಕು ಮತ್ತು ಆವೃತ್ತಿ ಸಂಖ್ಯೆ ಮಾತ್ರ ಇರಲಿ. ಯಾರಾದರೂ ಫೋನ್ ಮಾಡಿ "ನನಗೆ ಹೊಸದು ಬಂದಿಲ್ಲ" ಅಂದರೆ ಆ ಫೈಲ್ ತೆರೆದು ಓದಲು ಹೇಳಿ. ಅರ್ಧ ಗಂಟೆಯ ಮಾತು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಫೈಲ್ ಒಳಗೆ ಕೆಟ್ಟಿದೆ ಎಂಬ ಅನುಮಾನ ಇದ್ದರೆ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಕಮಾಂಡ್ ಎರಡೂ ಕಡೆ ಓಡಿಸಿ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಎರಡೂ ಒಂದೇ ಆದರೆ ಫೈಲೂ ಒಂದೇ.

ಗ್ರೂಪ್ ಪಾಲಿಸಿಯಿಂದ ಬರಬೇಕಾದ ಫೈಲ್ ಬರದಿದ್ದರೆ ಆ ಕಂಪ್ಯೂಟರಿನ ಇವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್ ನೋಡಿ. "ಗ್ರೂಪ್ ಪಾಲಿಸಿ ಫೈಲ್ಸ್" ಎಂಬ ಮೂಲದಿಂದ 4098 ಸಂಖ್ಯೆಯ ಎಚ್ಚರಿಕೆ ಇದ್ದರೆ ಅದರೊಳಗೆ ಎರರ್ ಸಂಖ್ಯೆ ಇರುತ್ತದೆ. ಅದು 80070005 ಎಂದು ಮುಗಿದರೆ ಅನುಮತಿ ಇಲ್ಲ, ಹಂತ 2ಕ್ಕೆ ಹೋಗಿ. 80070002 ಅಥವಾ 80070003 ಆದರೆ ಫೈಲಿನ ಹೆಸರು ಅಥವಾ ವಿಳಾಸ ತಪ್ಪು. 80070020 ಆದರೆ ಯಾರೋ ಆ ಫೈಲನ್ನು ತೆರೆದಿಟ್ಟಿದ್ದಾರೆ. 4098 ಕಾಣಲೇ ಇಲ್ಲ ಎಂದರೆ ಪಾಲಿಸಿಯೇ ಆ ಕಂಪ್ಯೂಟರಿಗೆ ತಲುಪಿಲ್ಲದಿರಬಹುದು. "ಜಿಪಿರಿಸಲ್ಟ್ /ಆರ್" ಎಂದು ಅಡ್ಮಿನ್ ಆಗಿ ಓಡಿಸಿದರೆ ಯಾವ ಪಾಲಿಸಿಗಳು ಬಂದಿವೆ ಎಂಬ ಪಟ್ಟಿ ಸಿಗುತ್ತದೆ.

"ನಾನು ತೆರೆದರೆ ತೆರೆಯುತ್ತೆ, ಟಾಸ್ಕ್‌ಗೆ ಮಾತ್ರ ಆಗಲ್ಲ" ಎಂಬ ದೂರಿಗೆ ಒಂದು ಒಳ್ಳೆಯ ಉಪಾಯ ಇದೆ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಗುಂಪಿನಲ್ಲಿರುವ ಪಿಎಸ್‌ಎಕ್ಸೆಕ್ ಎಂಬ ಚಿಕ್ಕ ಸಾಧನದಿಂದ ಸಿಸ್ಟಮ್ ಖಾತೆಯಲ್ಲೇ ಒಂದು ಕಮಾಂಡ್ ಪ್ರಾಂಪ್ಟ್ ತೆರೆಯಬಹುದು. ಅಲ್ಲಿಂದ ಶೇರ್ ಫೋಲ್ಡರನ್ನು ನೋಡಲು ಹೋಗಿ. ಟಾಸ್ಕಿಗೆ ಏನು ಕಾಣುತ್ತದೋ ಅದೇ ನಿಮಗೂ ಕಾಣುತ್ತದೆ.

ಹಂತ 8: ತಪ್ಪು ಫೈಲ್ ಹೋದರೆ ವಾಪಸ್ ತರುವುದು

ಇದನ್ನು ಮೊದಲೇ ಯೋಚಿಸಿಡಿ. ತಾನಾಗಿ ಹಂಚುವ ಏರ್ಪಾಡು ಸರಿಯಾದ ಫೈಲನ್ನು ಎಷ್ಟು ಚುರುಕಾಗಿ ಹಂಚುತ್ತದೋ ತಪ್ಪು ಫೈಲನ್ನೂ ಅಷ್ಟೇ ಚುರುಕಾಗಿ ಹಂಚುತ್ತದೆ. ಮೂಲ ಫೋಲ್ಡರಿನಲ್ಲಿ ಬದಲಾವಣೆ ಮಾಡುವ ಮೊದಲು ಹಳೇ ಪ್ರತಿಯನ್ನು ತಾರೀಕಿನ ಹೆಸರಿನ ಬೇರೆ ಫೋಲ್ಡರಿಗೆ ಎತ್ತಿಡಿ. ಆ ಫೋಲ್ಡರ್ ಶೇರ್‌ನಿಂದ ಹೊರಗಿರಲಿ, ಇಲ್ಲದಿದ್ದರೆ ಅದೂ ಎಲ್ಲರಿಗೂ ಹೋಗುತ್ತದೆ.

ತಪ್ಪಾದಾಗ ಹಳೆಯದನ್ನು ಮೂಲಕ್ಕೆ ವಾಪಸ್ ಹಾಕಿದರೆ ಸಾಕು, ಮುಂದಿನ ಸುತ್ತಿನಲ್ಲಿ ಎಲ್ಲರಿಗೂ ಅದೇ ಹೋಗುತ್ತದೆ. ಇದರಲ್ಲೂ ಎಡವುವ ಜಾಗ ಒಂದಿದೆ. ರೋಬೋಕಾಪಿಗೆ /ಎಕ್ಸ್‌ಒ ಹಾಕಿದ್ದರೆ ಅದು ಹಳೇ ತಾರೀಕಿನ ಫೈಲನ್ನು ಮುಟ್ಟುವುದೇ ಇಲ್ಲ. ಮೂಲದಲ್ಲಿ ನೀವಿಟ್ಟ ಸರಿಯಾದ ಫೈಲ್ ಹಳೆಯದು, ಅವರ ಬಳಿ ಇರುವ ತಪ್ಪು ಫೈಲ್ ಹೊಸದು. ಎರಡು ದಿನ ಕಾದರೂ ಏನೂ ಬದಲಾಗುವುದಿಲ್ಲ. ಹಂಚುವ ಕೆಲಸದಲ್ಲಿ ಎಕ್ಸ್‌ಒ ಹಾಕಬೇಡಿ. ಈಗಾಗಲೇ ಹಾಕಿಬಿಟ್ಟಿದ್ದರೆ, ಹಳೇ ಫೈಲನ್ನು ಒಮ್ಮೆ ತೆರೆದು ಮತ್ತೆ ಸೇವ್ ಮಾಡಿ ಅದಕ್ಕೆ ಇವತ್ತಿನ ತಾರೀಕು ಬರುವಂತೆ ಮಾಡಿ, ಆಮೇಲೆ ಮೂಲ ಫೋಲ್ಡರಿಗೆ ಹಾಕಿ.